ಬಲ್ಬಿಗೆ ಬೈಗುಳ, ಗೀಸರಿಗೆ ಸಲಾಮು

ಮನೆಯಲ್ಲಿ ಕರೆಂಟು ಉಳಿಸುವ ಮಾತು ಬಂದರೆ ಮೊದಲು ಬೈಸಿಕೊಳ್ಳುವುದು ಬಲ್ಬು. ಪಾಪ, ಅದು ಮಾಡಿದ ತಪ್ಪೆಂದರೆ ಕಣ್ಣಿಗೆ ಕಾಣುವುದು. ಗೀಸರ್ ನೋಡಿ, ಬಚ್ಚಲುಮನೆಯ ಗೋಡೆಯ ಮೇಲೆ ತೆಪ್ಪಗೆ ಕೂತಿರುತ್ತದೆ. ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ನಮ್ಮ ಮನೆಯವರಂತೂ ಬಲ್ಬಿನ ಬದ್ಧವೈರಿ. ಒಂದು ಬಿಲ್ಲು ಯಾಕೋ ಜಾಸ್ತಿ ಬಂತು ನೋಡಿ, ಅವತ್ತಿನಿಂದ ಸ್ವಿಚ್ ಬೋರ್ಡುಗಳ ಕಾವಲಿಗೆ ನಿಂತರು. ನಾನು ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಹಿಂದೆ ಟಪ್ ಅಂತ ಸದ್ದು. ಕೆಲವು ಸಲ ನಾನು ಹೊರಟೇ ಇರುವುದಿಲ್ಲ, ಸುಮ್ನೆ ಬಾಗಿಲ ಕಡೆ ನೋಡಿರುತ್ತೇನೆ ಅಷ್ಟೇ. ಅತ್ತೆ ಶೌಚಾಲಯದಲ್ಲಿದ್ದಾಗಲೂ ಹೊರಗಿನಿಂದ ಲೈಟು ಆರಿಸಿಬಿಟ್ಟರು. "ಕರೆಂಟು ಹೋಯ್ತೇನೋ?" ಅಂತ ಒಳಗಿನಿಂದ ಕೂಗು. "ಇಲ್ಲಮ್ಮ, ಉಳೀತು!" ಅಂತ ಇವರ ಉತ್ತರ.

ಆ ಗಲಾಟೆಗೆ ಪರಿಹಾರ ಅಂತ ಶೌಚಾಲಯಕ್ಕೆ ಸೆನ್ಸರ್ ಬಲ್ಬು ಬಂತು. ಮನುಷ್ಯರು ಓಡಾಡಿದರೆ ತಾನೇ ಹತ್ತುತ್ತದೆ, ಓಡಾಟ ನಿಂತರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಆರುತ್ತದೆ. ಮೆಟ್ಟಿಲಿಗೆ, ಪಡಸಾಲೆಗೆ ಬಲು ಒಳ್ಳೆಯದು. ಆದರೆ ಅಲ್ಲಿ ಯಾರು ಓಡಾಡುತ್ತಾರೆ? ಕೂತವರು ಕೂತೇ ಇರುತ್ತಾರೆ. ಆ ಬಲ್ಬಿನ ಲೆಕ್ಕದಲ್ಲಿ ಅಲ್ಲಾಡದವರು ಇಲ್ಲದವರು. ಈಗ ಅತ್ತೆ ಒಳಗೆ ಕೂತು ಆಗಾಗ ಕೈ ಬೀಸಬೇಕು. "ಗೋಡೆಗೆ ಟಾಟಾ ಮಾಡೋ ಕಾಲ ಬಂತಲ್ಲೇ" ಅನ್ನುತ್ತಾರೆ.

ಬಲ್ಬಿನ ಪರವಾಗಿ ವಾದಕ್ಕೆ ನಿಂತವಳು ಮಗಳು. "ಅಪ್ಪ, ಈ ಎಲ್‌ಇಡಿ ಬಲ್ಬು 9 ವ್ಯಾಟು. ಸಾವಿರ ವ್ಯಾಟು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಅಷ್ಟಾಗಬೇಕಾದರೆ ಇದು 111 ಗಂಟೆ ಉರಿಯಬೇಕು. ಗೀಸರ್ 2000 ವ್ಯಾಟು. ಅದಕ್ಕೆ ಅರ್ಧ ಗಂಟೆ ಸಾಕು." ಅಲ್ಲಿಗೇ ಬಿಡಲಿಲ್ಲ. "ಒಂದು ಗಂಟೆ ಕತ್ತಲಲ್ಲಿ ಕೂತು ನೀವು ಉಳಿಸಿದ್ದನ್ನ ಗೀಸರ್ 16 ಸೆಕೆಂಡಲ್ಲಿ ತಿಂದು ಹಾಕುತ್ತೆ." ಇವರು ಮಾತಾಡಲಿಲ್ಲ. ಯಾಕೆಂದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಬಿಸಿನೀರಿನ ಕೆಳಗೆ ನಿಲ್ಲುವವರು ಯಾರು ಅಂತ ಮನೆಗೆಲ್ಲ ಗೊತ್ತು. ಹಾಡು ಬೇರೆ ಹೇಳುತ್ತಾರೆ. ಅದೂ ಎಲ್ಲ ಚರಣ.

ಪುಸ್ತಕದ ಲೆಕ್ಕ ಒಪ್ಪಲ್ಲ, ಕಣ್ಣಾರೆ ನೋಡಬೇಕು ಅಂದರು. ಎಲ್ಲರೂ ಮೀಟರ್ ಮುಂದೆ ಹಾಜರಾದೆವು. ನಮ್ಮ ಮೀಟರಿನಲ್ಲಿ ಸಾಸಿವೆಯಷ್ಟು ಕೆಂಪು ದೀಪವಿದೆ. ಅದು 3200 ಸಲ ಮಿಟುಕಿದರೆ ಒಂದು ಯೂನಿಟ್, ಹಾಗಂತ ಮೀಟರಿನ ಮೇಲೇ ಅಚ್ಚಾಗಿದೆ. ಮೊದಲು ಮನೆಯಲ್ಲಿದ್ದದ್ದೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ಕಿತ್ತು, ಆ 9 ವ್ಯಾಟಿನ ಬಲ್ಬು ಒಂದನ್ನೇ ಹಾಕಿದೆವು. ಕಾದೆವು, ಕಾದೆವು. ದೀಪ ಒಮ್ಮೆ ಮಿಟುಕಿತು, ಮತ್ತೆ ಸುದ್ದಿಯೇ ಇಲ್ಲ. ಅತ್ತೆ ಒಳಗಿನಿಂದ ಕುರ್ಚಿ ತರಿಸಿಕೊಂಡರು. ಆಮೇಲೆ ಮಗಳು ಓಡಿ ಹೋಗಿ ಗೀಸರ್ ಹಾಕಿದಳು. ಅಬ್ಬಾ! ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ. ಎಣಿಸಲು ಹೊರಟ ಇವರ ಬೆರಳುಗಳು ಗಾಳಿಯಲ್ಲೇ ತೊಡರಿಕೊಂಡವು. ದೀಪ ಮಿಟುಕಿದಂತೆಲ್ಲ ಇವರ ರೆಪ್ಪೆಯೂ ಮಿಟುಕುತ್ತಿತ್ತು.

ತಮಾಷೆ ಮುಗಿಯಲಿಲ್ಲ. ಬಲ್ಬು, ಗೀಸರ್ ಎರಡನ್ನೂ ಆರಿಸಿ ಬಂದರೂ ಕೆಂಪು ದೀಪ ನಿಮಿಷಕ್ಕೊಮ್ಮೆ ಮಿಟುಕುತ್ತಲೇ ಇತ್ತು. "ಯಾರೋ ಕರೆಂಟು ಕದೀತಿದ್ದಾರೆ" ಅಂತ ಇವರು ಪಿಸುಗುಟ್ಟಿದರು. ಕಳ್ಳ ಸಿಕ್ಕಿದ್ದು ಟಿವಿಯ ಹಿಂದೆ, ದೂಳಿನ ನಡುವೆ. ಸೆಟ್ ಟಾಪ್ ಬಾಕ್ಸು! ರಿಮೋಟಿನಲ್ಲಿ ಆರಿಸಿದರೆ ಅದು ಆರುವುದಿಲ್ಲ, ನಿದ್ದೆಯ ನಟನೆ ಮಾಡುತ್ತದೆ, ಮುಟ್ಟಿದರೆ ಬೆಚ್ಚಗೆ. ಪಕ್ಕದಲ್ಲಿ ಅದರ ಸಂಗಾತಿಗಳಾದ ಟಿವಿ, ಸ್ಪೀಕರ್. ಒಟ್ಟು ಸುಮಾರು 19 ವ್ಯಾಟು. ಏನು ಮಹಾ ಅನ್ನಬೇಡಿ. ಹಗಲೂ ರಾತ್ರಿ ಹೀಗೇ ಬಿಟ್ಟರೆ ತಿಂಗಳಿಗೆ 13 ಯೂನಿಟ್ ದಾಟುತ್ತದೆ. ನಮ್ಮ ಬಲ್ಬು ಹಗಲಿರುಳು ಉರಿದರೂ ತಿಂಗಳಿಗೆ ಏಳು ಯೂನಿಟ್ ಮುಟ್ಟುವುದಿಲ್ಲ. ಇಷ್ಟು ದಿನ ಬೈಸಿಕೊಂಡವರು ಯಾರು ಹೇಳಿ! ಅದೇ ಫೋನ್ ಸಿಕ್ಕಿಸದ ಖಾಲಿ ಚಾರ್ಜರಿಗಾಗಿ ಇವರು ಮಾಡಿದ್ದ ರಂಪ ಸಣ್ಣದಲ್ಲ. ಅದು ಎಳೆಯುವುದು ಅರ್ಧ ವ್ಯಾಟಿಗಿಂತಲೂ ಕಡಿಮೆ.

ಫ್ಯಾನಿನ ಕತೆಯೂ ಇದೆ. ಖಾಲಿ ಕೋಣೆಯಲ್ಲಿ ಫ್ಯಾನು ಓಡಿಸಿ "ತಣ್ಣಗಾಗಲಿ ಬಿಡಿ" ಅನ್ನುವುದು ಅತ್ತೆಯ ಪದ್ಧತಿ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ನಮ್ಮ ಮೈ ಬೆವರನ್ನು ಆರಿಸುತ್ತದೆ. ಕುರ್ಚಿ ಬೆವರುವುದಿಲ್ಲವಲ್ಲ! ಇನ್ನು ಇವರ ಕೋಣೆಯಲ್ಲಿ ಡಬ್ಬದಂಥ ಹಳೇ ರೆಗ್ಯುಲೇಟರ್. ಉಳಿತಾಯ ಅಂತ ಒಂದರಲ್ಲಿ ಇಟ್ಟುಕೊಳ್ಳುತ್ತಾರೆ. ರೆಕ್ಕೆ ಎಷ್ಟು ನಿಧಾನ ಅಂದರೆ ಮೇಲೆ ಕೂತ ನೊಣ ಹೆದರಿ ಏಳುವುದಿಲ್ಲ. ಆ ಹಳೇ ಡಬ್ಬ ವೇಗ ತಗ್ಗಿಸುವುದೇ ಕರೆಂಟನ್ನು ಕಾವು ಮಾಡಿ. ಕೈ ಇಟ್ಟರೆ ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿದರೆ ಆ ನಷ್ಟ ತಪ್ಪುತ್ತದೆ. ಹೊಸ ಬಿಎಲ್‌ಡಿಸಿ ಫ್ಯಾನಾದರೆ, ಅಂದರೆ ಕಡಿಮೆ ಕರೆಂಟು ಎಳೆಯುವ ಮೋಟಾರಿನದಾದರೆ, ಹಳೆಯದು 75 ವ್ಯಾಟ್ ಎಳೆಯುವ ಕಡೆ 30ರ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಇದನ್ನು ಹೇಳಿದೆ. "ನೋಡೋಣ" ಅಂದರು. ನಮ್ಮ ಮನೆಯಲ್ಲಿ ನೋಡೋಣ ಅಂದರೆ ಇಲ್ಲ ಅಂತ.

ಇಸ್ತ್ರಿ ಪೆಟ್ಟಿಗೆಯ ಉಪಾಯ ನನ್ನದೇ. ಬಟ್ಟೆಯೆಲ್ಲ ಒಟ್ಟಿಗೆ ಇಟ್ಟುಕೊಂಡು, ಕೊನೆಗೆ ಸ್ವಿಚ್ ಆರಿಸಿ, ಉಳಿದ ಬಿಸಿಯಲ್ಲಿ ಕರ್ಚೀಫು ಮುಗಿಸುವುದು. ಇವರಿಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ ಶರ್ಟಿನ ಬಲತೋಳು ಮುಗಿಯುತ್ತಲೇ ಸ್ವಿಚ್ ಆರಿಸಿದರು. ಎಡತೋಳು ಆಫೀಸಿಗೆ ಹೋದದ್ದು ಆಗಷ್ಟೇ ನಿದ್ದೆಯಿಂದ ಎದ್ದವರ ಮುಖದ ಹಾಗೆ.

ಮೀಟರಿನ ದೀಪ ನೋಡಿದ ಮೇಲೆ ಒಂದಿಷ್ಟು ಬದಲಾಗಿದೆ, ಸುಳ್ಳು ಹೇಳಬಾರದು. ಗೀಸರಿನ ಬಿಸಿಯ ಗುಂಡಿ ಸ್ವಲ್ಪ ಕೆಳಗಿಳಿದಿದೆ. ಸ್ನಾನಕ್ಕೆ ಮುಂಚೆ ಹಾಕಿ, ನೀರು ಕಾದೊಡನೆ ಆರಿಸುತ್ತೇವೆ. ಇಲ್ಲದಿದ್ದರೆ ನೀರು ತಣಿದಂತೆಲ್ಲ ಅದು ಮತ್ತೆ ಮತ್ತೆ ಕಾಯಿಸುತ್ತದೆ, ಯಾರೂ ಸ್ನಾನ ಮಾಡದ ನಡುಮಧ್ಯಾಹ್ನದಲ್ಲೂ. ಇವರ ಹಾಡು ಎರಡು ಚರಣಕ್ಕೆ ನಿಂತಿದೆ. ಟಿವಿಯ ಸ್ವಿಚ್ಚನ್ನು ರಾತ್ರಿ ಗೋಡೆಯಲ್ಲೇ ಆರಿಸುತ್ತೇವೆ. ಅದರ ಜೊತೆ ವೈಫೈ ಕೂಡ ಆರಿಹೋಗಿ ಮಗಳು ರಾತ್ರೋರಾತ್ರಿ ಚಂಡಿಯಾದದ್ದು ಬೇರೆ ವಿಷಯ.

ಈಗ ಇವರ ಕಣ್ಣು ಫ್ರಿಜ್ಜಿನ ಮೇಲೆ ಬಿದ್ದಿದೆ. ಬಾಗಿಲ ಸುತ್ತಲಿನ ರಬ್ಬರು ಸಡಿಲವಾಗಿದ್ದರೆ ತಂಪು ಸೋರಿ ಮೋಟಾರು ಸುಮ್ಮನೆ ಓಡುತ್ತಿರುತ್ತದೆ ಅಂತ ಎಲ್ಲೋ ಓದಿದರು. ಪರೀಕ್ಷೆ ಸುಲಭ. ಬಾಗಿಲಿನ ಅಂಚಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆದು ನೋಡಬೇಕು. ಸಲೀಸಾಗಿ ಜಾರಿ ಬಂದರೆ ರಬ್ಬರು ಸೋತಿದೆ ಅಂತ. ಕೈಗೆ ಸಿಕ್ಕ ಕಾಗದ ಈ ತಿಂಗಳ ಕರೆಂಟು ಬಿಲ್ಲು. ಸಿಕ್ಕಿಸಿದರು, ಮುಚ್ಚಿದರು, ಜಗ್ಗಿದರು. ಪರ್ ಅಂತ ಹರಿಯಿತು.

"ನೋಡಿದ್ಯಾ, ರಬ್ಬರು ಗಟ್ಟಿ ಇದೆ!" ಅಂತ ಇವರಿಗೆ ಖುಷಿಯೋ ಖುಷಿ.

"ರೀ, ಕಟ್ಟೋಕೆ ಕೊನೇ ದಿನ ಯಾವತ್ತು ಅಂತ ಹಾಕಿದಾರೆ?" ಅಂತ ಕೇಳಿದೆ. ಕೈಯಲ್ಲಿದ್ದ ಅರ್ಧ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ಆ ಭಾಗ ಫ್ರಿಜ್ಜಿನ ಒಳಗಿದೆ, ಸುಮ್ಮನೆ ಬಾಗಿಲು ತೆಗೆದರೆ ಕರೆಂಟು ದಂಡ ಅಂದರು.