ಹನ್ನೊಂದು ಮಕ್ಕಳು ಲೆಕ್ಕಕ್ಕಿಲ್ಲವಾ?

ಮೊನ್ನೆ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ನಮ್ಮೂರ ಶಾಲೆಗೆ ಬಂದರು. ಕೈಯಲ್ಲಿ ಮೊದಲೇ ಬರೆದಿಟ್ಟ ಠರಾವು ಇತ್ತು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಹಿ ಹಾಕಿದರೆ ಸಾಕಂತೆ. "ಮಕ್ಕಳ ಹಿತದೃಷ್ಟಿಯಿಂದ ಹತ್ತಿರದ ಶಾಲೆಯೊಂದಿಗೆ ವಿಲೀನ ಮಾಡಲು ಪಾಲಕರೆಲ್ಲರ ಒಪ್ಪಿಗೆ ಇದೆ" ಅಂತ ಅದರಲ್ಲಿ ಬರೆದಿದ್ದರು. ನಾವು ಆ ಮಾತು ಆಡೇ ಇಲ್ಲ. ಸಭೆಯೇ ಕರೆದಿಲ್ಲ. ಆದರೆ ಸಭೆ ಆಯಿತು ಅಂತ ತಾರೀಕು ಹಾಕಿ ತಂದಿದ್ದರು.

ನಾನು ಸಹಿ ಹಾಕಲಿಲ್ಲ. ಯಾರೂ ಹಾಕಲಿಲ್ಲ. ಅವರು ಹೋದ ಮೇಲೂ ನನಗೆ ಸಿಟ್ಟು ಇಳಿದಿಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಸಣ್ಣ ಹಳ್ಳಿ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಈಗ ಇರುವುದು ಹನ್ನೊಂದು ಮಕ್ಕಳು. ನನ್ನ ಮಗಳು ಎರಡನೇ ತರಗತಿ. "ಹನ್ನೊಂದು ಮಕ್ಕಳಿಗೆ ಒಂದು ಶಾಲೆಯಾ?" ಅಂತ ಸಾಹೇಬರು ಕೇಳಿದರು. ನಮ್ಮ ಕಡೆ ಊರು ಅಂದರೆ ಬಯಲುಸೀಮೆಯ ಹಾಗೆ ಒಂದೇ ಕಡೆ ನೂರು ಮನೆ ಇರುವುದಿಲ್ಲ. ಇಲ್ಲೊಂದು ತೋಟ, ಅಲ್ಲೊಂದು ಗದ್ದೆ, ಅದರ ಪಕ್ಕ ಎರಡು ಮನೆ. ನಡುವೆ ಕಾಡು, ಗುಡ್ಡ. ಇಂಥ ಕಡೆ ಐವತ್ತು ಮಕ್ಕಳನ್ನು ಎಲ್ಲಿಂದ ತರುವುದು? ಇದು ಶಾಲೆ ಕಟ್ಟಿದ ದಿನವೂ ಗೊತ್ತಿದ್ದ ಸಂಗತಿ. ಗೊತ್ತಿದ್ದೇ ಇಲ್ಲಿ ಶಾಲೆ ಕೊಟ್ಟಿದ್ದರು.

ಇನ್ನು ಮಕ್ಕಳು ಕಡಿಮೆಯಾದದ್ದು ಹೇಗೆ? ಅದನ್ನು ಹೇಳಲೇಬೇಕು. ಆರು ವರ್ಷದ ಹಿಂದೆ ಇದೇ ಶಾಲೆಯಲ್ಲಿ ಇಪ್ಪತ್ತೇಳು ಮಕ್ಕಳಿದ್ದರು. ಇಬ್ಬರು ಶಿಕ್ಷಕರಿದ್ದರು. ಮಾಸ್ತರಿಗೆ ವರ್ಗ ಆಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೇಳಿದರೆ ನಿಮ್ಮ ಶಾಲೆಗೆ ಒಬ್ಬರೇ ಸಾಕು ಅಂದರು. ಉಳಿದವರು ಅಕ್ಕೋರು, ಅಂದರೆ ಟೀಚರಮ್ಮ, ಒಬ್ಬರೇ. ಐದು ತರಗತಿ, ಎಲ್ಲಾ ವಿಷಯ. ಅದರ ಜೊತೆಗೆ ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಹಾಜರಿಯನ್ನು ಆನ್‌ಲೈನ್‌ಗೆ ಹಾಕುವುದು. ಇಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ಗುಡ್ಡ ಹತ್ತಬೇಕು. ಚುನಾವಣೆ ಬಂದರೆ ಅವರೇ, ಗಣತಿ ಬಂದರೆ ಅವರೇ. ತಾಲ್ಲೂಕಿನಲ್ಲಿ ತರಬೇತಿ, ಸಭೆ ಅಂತ ಕರೆದ ದಿನ ಮಕ್ಕಳನ್ನು ನೋಡಿಕೊಂಡವರು ಅಡುಗೆಯವರು. ಆ ತಾಯಿ ಅನ್ನವನ್ನೂ ಬೇಯಿಸಿದರು, ಮಗ್ಗಿಯನ್ನೂ ಹೇಳಿಸಿದರು.

ಕಳೆದ ವರ್ಷ ಅಕ್ಕೋರು ನಿವೃತ್ತರಾದರು. ಶಾಲೆ ಶುರುವಾಗಿ ತಿಂಗಳು ಕಳೆದ ಮೇಲೆ ಅತಿಥಿ ಶಿಕ್ಷಕಿ ಬಂದರು. ಅಲ್ಲಿಯವರೆಗೆ ಬೇರೆ ಶಾಲೆಯವರು ವಾರಕ್ಕೆ ಮೂರು ದಿನ ಬಂದು ಬೀಗ ತೆಗೆಯುತ್ತಿದ್ದರು. ಇದನ್ನೆಲ್ಲ ನೋಡುತ್ತಾ ಯಾವ ಅಪ್ಪ ಅಮ್ಮ ಸುಮ್ನೆ ಕೂರುತ್ತಾರೆ? ದುಡ್ಡು ಹೊಂದಿಸಬಲ್ಲವರು ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಹತ್ತಿಸಿದರು. ಮೊದಮೊದಲು ನನಗೆ ಅವರ ಮೇಲೆ ಕೋಪ ಇತ್ತು. ಈಗಿಲ್ಲ. ಮೇಷ್ಟ್ರಿಲ್ಲದ ಶಾಲೆಗೆ ಮಕ್ಕಳನ್ನು ಕಳಿಸಿ ಅಂತ ಯಾವ ಬಾಯಲ್ಲಿ ಹೇಳಲಿ?

ಮೊದಲು ಶಿಕ್ಷಕರನ್ನು ತೆಗೆದರು. ಆಮೇಲೆ ಮಕ್ಕಳು ಹೋದರು. ಈಗ ಮಕ್ಕಳಿಲ್ಲ ಅಂತ ಶಾಲೆಯನ್ನೇ ತೆಗೆಯಲು ಬಂದಿದ್ದಾರೆ. ಇದನ್ನು ವಿಲೀನ ಅಂತ ಕರೆಯಬೇಡಿ. ನಮ್ಮ ಬಾಗಿಲಿಗೆ ಬೀಗ ಬಿದ್ದರೆ ಅದು ಮುಚ್ಚಿದ ಹಾಗೇ.

ಕಾನೂನು ಏನು ಹೇಳುತ್ತದೆ ಅಂತ ನಾವೂ ಓದಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಅದರ ಪ್ರಕಾರ ಒಂದರಿಂದ ಐದರವರೆಗಿನ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಹಾಗಿದ್ದರೆ ನಮಗೆ ಒಬ್ಬರೇ ಸಾಕು ಅಂದವರು ಯಾರು? ಸಣ್ಣ ಮಕ್ಕಳಿಗೆ ನಡೆದು ಹೋಗುವ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಕೇಂದ್ರದ ನಿಯಮದಲ್ಲಿದೆ. ಗುಡ್ಡಗಾಡು, ಪ್ರವಾಹ, ಭೂಕುಸಿತ, ರಸ್ತೆ ಇಲ್ಲದ ಕಡೆ ಮಕ್ಕಳಿಗೆ ಅಪಾಯ ಆಗದ ಹಾಗೆ ಆ ದೂರವನ್ನು ಇನ್ನೂ ಕಡಿಮೆ ಮಾಡಬೇಕು ಅಂತಲೂ ಇದೆ.

ಸಾಹೇಬರು ಮೊಬೈಲ್ ತೆಗೆದು ಮ್ಯಾಪ್ ತೋರಿಸಿದರು. "ನೋಡಿ, ಎರಡೂವರೆ ಕಿಲೋಮೀಟರ್ ಅಷ್ಟೇ." ಸ್ವಾಮಿ, ಅದು ಕಾಡಿನೊಳಗಿನ ಕಾಲುದಾರಿ. ಡಾಂಬರು ರಸ್ತೆ ಸುತ್ತಿ ಹೋದರೆ ಐದಾಗುತ್ತದೆ. ಕಾಲುದಾರಿಯಲ್ಲಿ ಎರಡು ಹಳ್ಳ ದಾಟಬೇಕು. ಒಂದಕ್ಕೆ ಸಂಕ ಇದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ನಾವೇ ಅಡಕೆ ಮರ ಕಡಿದು ಹಾಸಿ, ಬಳ್ಳಿ ಬಿಗಿದು ಕಟ್ಟುವ ಸಂಕ. ಇನ್ನೊಂದಕ್ಕೆ ಅದೂ ಇಲ್ಲ. ಆರಿದ್ರೆ ಮಳೆ ಹಿಡಿಯಿತು ಅಂದರೆ ದೊಡ್ಡವರೇ ಹಳ್ಳದ ಹತ್ತಿರ ನಿಂತು ಯೋಚನೆ ಮಾಡುತ್ತಾರೆ. ಅಲ್ಲಿ ಆರು ವರ್ಷದ ಮಗು ಒಂದು ಕೈಯಲ್ಲಿ ಕೊಡೆ ಹಿಡಿದು, ಬೆನ್ನಿಗೆ ಚೀಲ ಹಾಕಿ, ಪಾಚಿ ಕಟ್ಟಿದ ಮರದ ಮೇಲೆ ನಡೆಯಬೇಕಾ?

2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಏನಾಯಿತು ಅಂತ ಮರೆತುಹೋಯಿತಾ? ಶಾಲೆಯಿಂದ ಮನೆಗೆ ಬರುತ್ತಿದ್ದ ಏಳು ವರ್ಷದ ಹುಡುಗಿ ಕಾಲುಸಂಕದಿಂದ ಜಾರಿ ನೀರಿನಲ್ಲಿ ಕೊಚ್ಚಿಹೋದಳು. ಎರಡನೇ ತರಗತಿ. ನನ್ನ ಮಗಳೂ ಎರಡನೇ ತರಗತಿ. ಆ ಸುದ್ದಿ ನೆನಪಾದರೆ ನನಗೆ ಕೈಕಾಲು ಆಡುವುದಿಲ್ಲ.

"ಸಾರಿಗೆ ಭತ್ಯೆ ಕೊಡುತ್ತೇವೆ" ಅಂದರು. ಭತ್ಯೆ ತೆಗೆದುಕೊಂಡು ಯಾವ ಗಾಡಿಗೆ ಕೊಡಲಿ? ನಮ್ಮ ಕೇರಿಗೆ ಬಸ್ಸಿಲ್ಲ. ಮಳೆಗಾಲದಲ್ಲಿ ಮಣ್ಣಿನ ರಸ್ತೆಗೆ ಆಟೋದವರು ಬರುವುದಿಲ್ಲ. ಹಾಗಾದರೆ ದಿನಾ ಮಗುವನ್ನು ಬಿಟ್ಟು ಕರೆತರುವವರು ಯಾರು? ಈಗ ಉಳಿದ ಹನ್ನೊಂದರಲ್ಲಿ ಎಂಟು ಮಕ್ಕಳು ಕೂಲಿ ಮಾಡುವವರ ಮನೆಯವರು. ಬೆಳಿಗ್ಗೆ ಎಂಟಕ್ಕೆ ಅಪ್ಪನೂ ಅಮ್ಮನೂ ತೋಟದ ಕೆಲಸಕ್ಕೆ ಹೋಗಬೇಕು. ಮಗುವಿನ ಜೊತೆ ಹೋದರೆ ಆ ದಿನದ ಕೂಲಿ ಇಲ್ಲ. ಹಾಗಾಗಿ ಆ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಮಳೆ ನಿಂತ ಮೇಲೆ ಕಳಿಸೋಣ ಅಂತ ಶುರುವಾಗುತ್ತದೆ, ಆಮೇಲೆ ಅಡಕೆ ಕೊನೆಕೊಯ್ಲು ಬರುತ್ತದೆ, ವರ್ಷ ಮುಗಿಯುತ್ತದೆ. ಅದರಲ್ಲೂ ಮೊದಲು ಮನೆಯಲ್ಲಿ ಉಳಿಯುವುದು ಹೆಣ್ಣುಮಕ್ಕಳು. ಮಧ್ಯಾಹ್ನದ ಬಿಸಿ ಊಟ, ಹಾಲು, ಮೊಟ್ಟೆ ಎಲ್ಲವೂ ಶಾಲೆಯ ಜೊತೆಗೇ ಹೋಗುತ್ತದೆ.

ದೊಡ್ಡ ಶಾಲೆ ಬೇಡ ಅಂತ ನಾವು ಹೇಳುತ್ತಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆ ಕಟ್ಟಿ, ಲ್ಯಾಬ್ ಕೊಡಿ, ಆಟದ ಮೈದಾನ ಕೊಡಿ. ನನ್ನ ಮಗಳು ಆರನೇ ತರಗತಿಗೆ ಖಂಡಿತ ಅಲ್ಲಿಗೆ ಹೋಗಲಿ. ಹನ್ನೊಂದು ವರ್ಷದ ಮಗು ಸೈಕಲ್ ತುಳಿಯುತ್ತದೆ. ಆರು ವರ್ಷದ್ದು ತುಳಿಯುವುದಿಲ್ಲ. ಇಷ್ಟು ವ್ಯತ್ಯಾಸ ತಿಳಿಯಲು ಮಗು ಸಾಕಿದವರಾದರೆ ಸಾಕು ಅಲ್ವಾ?

ಮಕ್ಕಳು ಕಡಿಮೆ ಇದ್ದರೆ ಕಲಿಕೆ ಆಗುವುದಿಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಇದೇ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ ನಲಿ-ಕಲಿ ಶುರುವಾಯಿತು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಗುಂಪಿನಲ್ಲಿ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಮುಂದೆ ಅದನ್ನೇ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೂ ತಂದರು. ಸಣ್ಣ ಶಾಲೆಯಲ್ಲಿ ಕಲಿಸುವುದು ಹೇಗೆ ಅಂತ ಇಲಾಖೆಗೆ ಚೆನ್ನಾಗಿ ಗೊತ್ತಿದೆ. ಕಲಿಸುವವರನ್ನು ಕೊಡಿ ಅಷ್ಟೇ.

ಈ ಶಾಲೆಯ ಜಾಗ ಊರಿನ ಹಿರಿಯರೊಬ್ಬರು ತಮ್ಮ ಬ್ಯಾಣದಿಂದ (ಹುಲ್ಲುಗಾವಲಿನಿಂದ) ಬಿಟ್ಟುಕೊಟ್ಟದ್ದು. ಮೊದಲ ಕಟ್ಟಡಕ್ಕೆ ಕಲ್ಲು ಹೊತ್ತವರು ನಮ್ಮ ಅಜ್ಜಂದಿರು. ನಮ್ಮಪ್ಪ ಇಲ್ಲೇ ಕಲಿತರು, ನಾನು ಇಲ್ಲೇ ಕಲಿತೆ. ಹದಿನೈದನೇ ಆಗಸ್ಟಿಗೆ ಊರವರೆಲ್ಲ ಸೇರುವುದು ಇಲ್ಲೇ. ಜಾತಿ, ಕೇರಿ ನೋಡದೆ ಎಲ್ಲರೂ ಒಟ್ಟಿಗೆ ಕೂರುವ ಜಾಗ ನಮ್ಮೂರಿನಲ್ಲಿ ಇದೊಂದೇ. ಓಟು ಹಾಕುವುದೂ ಇದೇ ಕೋಣೆಯಲ್ಲಿ. ದೊಡ್ಡವರು ಓಟು ಹಾಕಲು ದೂರ ನಡೆಯಬಾರದು ಅಂತ ಮತಗಟ್ಟೆಯನ್ನು ಹತ್ತಿರ ಇಡುತ್ತೀರಿ. ಮಕ್ಕಳನ್ನು ಮಾತ್ರ ದಿನಾ ದೂರ ನಡೆಸುತ್ತೀರಿ.

ನಿನ್ನೆ ಸಂಜೆ ನಾವೇ ಸಭೆ ಸೇರಿದೆವು. ನಿಜವಾದ ಸಭೆ. ಮೂವತ್ತೆರಡು ಜನ ಬಂದಿದ್ದರು. ಮಕ್ಕಳನ್ನು ವ್ಯಾನಿಗೆ ಹತ್ತಿಸಿದವರೂ ಬಂದರು. ಕಾಯಂ ಶಿಕ್ಷಕರು ಇಬ್ಬರು ಬಂದರೆ ನಮ್ಮ ಮಕ್ಕಳನ್ನು ವಾಪಸ್ ತರುತ್ತೇವೆ ಅಂತ ಅವರಲ್ಲಿ ನಾಲ್ಕು ಮನೆಯವರು ಎಲ್ಲರ ಎದುರು ಹೇಳಿದರು. ಅದನ್ನೂ ಸೇರಿಸಿ ನಮ್ಮದೇ ಠರಾವು ಬರೆದೆವು. ಓದು ಬರದವರು ಹೆಬ್ಬೆಟ್ಟು ಒತ್ತಿದರು. ಒತ್ತುವಾಗ ಒಬ್ಬ ಅಜ್ಜಿ, "ನಂಗಂತೂ ಬರೂಲ, ಮೊಮ್ಮಗಳಿಗಾದ್ರೂ ಬರ್ಲಿ ತಮಾ" ಅಂದರು.

ಸೋಮವಾರ ಆ ಕಾಗದ ತೆಗೆದುಕೊಂಡು ಕಚೇರಿಗೆ ಹೋಗುತ್ತಿದ್ದೇವೆ. ಹನ್ನೊಂದು ಮಕ್ಕಳನ್ನೂ ಕರೆದುಕೊಂಡೇ ಹೋಗುತ್ತೇವೆ. ಮೊದಲು ಆ ಮಕ್ಕಳ ಮುಖ ನೋಡಲಿ, ಅವರ ಹೆಸರು ಕೇಳಲಿ.