ಯುಗಾದಿಗೆ ಮೊದಲು ಮಲ್ಲಿಗೆ ಸವರಬೇಕೇ? ಒಂದು ಸ್ಪಷ್ಟನೆ

‘ವಸಂತ ಬಂತು, ಯುಗಾದಿಗೆ ಮೊದಲು ಮನೆಯ ಗಿಡಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ದಯವಿಟ್ಟು ಕತ್ತರಿ ಕೆಳಗಿಡಿ. ಈ ಸಲಹೆ ನಮ್ಮ ಮಲ್ಲಿಗೆಗೆ ಸಲ್ಲದು.

ಹಿಮ ಬೀಳುವ ನಾಡುಗಳಲ್ಲಿ ಮಾರ್ಚ್‌ನಲ್ಲಿ ಗುಲಾಬಿ ಸವರುವುದುಂಟು. ಅಲ್ಲಿ ಗಿಡ ಆಗಷ್ಟೇ ಚಳಿಯ ಜಡದಿಂದ ಎಚ್ಚೆತ್ತಿರುತ್ತದೆ. ದುಂಡುಮಲ್ಲಿಗೆಯ ಲೆಕ್ಕವೇ ಬೇರೆ. ಅದು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿಯೇ ಬೆಳೆಗಾರರು ನವೆಂಬರ್ ಕೊನೆ, ಡಿಸೆಂಬರ್ ವೇಳೆಗೆ ನೆಲದಿಂದ ಸುಮಾರು 45–50 ಸೆಂ.ಮೀ. ಬಿಟ್ಟು ಸವರಿ, ಗೊಬ್ಬರ ಕೊಡುತ್ತಾರೆ. ಆಗ ಒಡೆದ ಚಿಗುರೇ ಮಾರ್ಚ್‌ನಲ್ಲಿ ಮೊಗ್ಗು ಹೊರುತ್ತದೆ. ಈಗ ರೆಂಬೆಯ ತುದಿಯನ್ನು ಹತ್ತಿರದಿಂದ ನೋಡಿ: ಅಕ್ಕಿಕಾಳಿನಷ್ಟು ಹಸಿರು ಮೊಗ್ಗುಗಳು, ಹೆಚ್ಚಾಗಿ ಮೂರು ಮೂರು ಒಟ್ಟಿಗೆ. ಅದನ್ನು ಕತ್ತರಿಸಿದರೆ ಬೇಸಿಗೆಯ ಮೊದಲ ಹೂವು ತಿಪ್ಪೆಗೆ ಹೋಯಿತೆಂದೇ ಅರ್ಥ.

ಮಾವಿಗೂ ಅಷ್ಟೇ, ಕಾಯಿ ಕೊಯ್ದ ಮೇಲೆಯೇ ಕತ್ತರಿ. ಒಣಗಿದ, ರೋಗ ತಗುಲಿದ ಕಡ್ಡಿಗಳನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.

ಕೈ ಸುಮ್ಮನಿರಲಾರದು ಎನ್ನುವವರು (ನಮ್ಮಲ್ಲಿ ಬಹಳ ಮಂದಿ) ಗಿಡದ ಬುಡಕ್ಕೆ ತರಗೆಲೆ ಹೊದಿಸಿ, ಬೆಳಗಿನ ಹೊತ್ತು ನೀರುಣಿಸಿ, ಖಾಲಿ ಕುಂಡದಲ್ಲಿ ಬೆಂಡೆ ಬೀಜ ಊರಿ.