ಮರೆಯಲ್ಲಿ ಎಷ್ಟಿದೆ ಅಂತಾದರೂ ಹೇಳಬೇಕಲ್ಲ

ಕಳೆದ ಮಳೆಗಾಲದಲ್ಲಿ ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಮುಗಳು ತಾವು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ದಾಖಲೆಯಲ್ಲಿ, ಒಂದೇ ಒಂದು ಸಾಲು ಹುಡುಕುತ್ತ ಎರಡು ರಾತ್ರಿ ಕೂತಿದ್ದೆ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಹೊರಗೆ ಜಡಿಮಳೆ, ಕರೆಂಟು ಹೋಗುವುದು ಬರುವುದು ನಡೆದೇ ಇತ್ತು. ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್, ವೈಫೈ ಎರಡನ್ನು ಮಾತ್ರ ಉಳಿಸಿಕೊಂಡು ಉಳಿದೆಲ್ಲ ದೀಪ ಆರಿಸಿದ್ದೆ. ನನ್ನದು ಸಾಫ್ಟ್‌ವೇರ್ ಕೆಲಸ. ಕಂಪನಿ ಬೆಂಗಳೂರಿನದು, 2020ರ ಲಾಕ್‌ಡೌನಿಗೆ ಊರಿಗೆ ಬಂದವನು ಇಲ್ಲೇ ಉಳಿದೆ. ನಮ್ಮ ತಂಡ ನೋಡಿಕೊಳ್ಳುವ ಒಂದು ಸರ್ವಿಸ್ (ಸರ್ವರಿನಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಮ್) ದಿನಾ ರಾತ್ರಿ ಎರಡು ಗಂಟೆಗೆ ಸರಿಯಾಗಿ ಮೂರ್ನಾಲ್ಕು ನಿಮಿಷ ಉಸಿರುಗಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಆಮೇಲೆ ತಾನೇ ಸರಿಹೋಗುತ್ತಿತ್ತು. ತಾನೇ ಸರಿಹೋಗುವ ಕಾಯಿಲೆಗಿಂತ ತಲೆ ತಿನ್ನುವ ಕಾಯಿಲೆ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ.

ಲಾಗ್ ನೋಡುವ ಪರದೆ ತೆರೆದು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೇಲಿನ ಪೆಟ್ಟಿಗೆಯಲ್ಲಿ ನಮ್ಮ ಸರ್ವಿಸಿನ ಹೆಸರು ಹಾಕಿದೆ. ಪಕ್ಕದಲ್ಲಿ 'ಎರರ್' ಅಂತ ಆರಿಸಿದೆ. ಲಕ್ಷಗಟ್ಟಲೆ ಇದ್ದ ಸಾಲುಗಳು ಇನ್ನೂರಕ್ಕೆ ಇಳಿದವು. ಇನ್ನೂರೂ ಹೇಳಿದ್ದು ಒಂದೇ ಮಾತು: ಡೇಟಾಬೇಸ್ ಉತ್ತರ ಕೊಡಲಿಲ್ಲ, ಟೈಮ್‌ಔಟ್. ಅವನ್ನೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ನಮ್ಮ ಕೋಡನ್ನು ಅನುಮಾನಿಸಿದೆ, ನೆಟ್‌ವರ್ಕನ್ನು ಅನುಮಾನಿಸಿದೆ, ಕನೆಕ್ಷನ್ ಸಂಖ್ಯೆ ಏರಿಸಿ ನೋಡಿದೆ. ಎರಡನೆಯ ರಾತ್ರಿಯೂ ಎರಡು ಗಂಟೆಗೆ ಅದೇ ಕಥೆ.

ಬೆಳಿಗ್ಗೆ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದೇ ಲಾಗನ್ನು ತೆರೆದಳು. ಅವಳು ಹೆಸರನ್ನೂ ಹಾಕಲಿಲ್ಲ, ಎರರನ್ನೂ ಆರಿಸಲಿಲ್ಲ. ಸಮಯ ಮಾತ್ರ ಹಿಡಿದಳು: 1:58ರಿಂದ 2:03. ಆ ಐದು ನಿಮಿಷದಲ್ಲಿ ಯಾರು ಯಾರು ಏನು ಮಾತಾಡಿದ್ದಾರೋ ಅಷ್ಟೂ ಸಾಲು ಅವಳ ಮುಂದೆ ಬಂತು. ಹತ್ತು ನಿಮಿಷದಲ್ಲಿ ಸಿಕ್ಕಿತು. ನಮಗೆ ಸಂಬಂಧವೇ ಇಲ್ಲದ ಇನ್ನೊಂದು ಸರ್ವಿಸಿನವರ ಬ್ಯಾಕಪ್ ಕೆಲಸ ಎರಡು ಗಂಟೆಗೆ ಶುರುವಾಗಿ, ಡೇಟಾಬೇಸಿನಲ್ಲಿ ನಮಗೂ ಬೇಕಾದ ಒಂದು ಟೇಬಲ್ಲಿಗೆ (ಮಾಹಿತಿಯ ಕೋಷ್ಟಕಕ್ಕೆ) ಬೀಗ ಹಾಕುತ್ತಿತ್ತು. ಅದು ಬರೆದದ್ದು ಎರರ್ ಅಲ್ಲ. 'ಕೆಲಸ ಆರಂಭವಾಯಿತು' ಎಂಬ ಸಾಮಾನ್ಯ ಮಾಹಿತಿಯ ಸಾಲು. ಅದರ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ನನ್ನ ಜರಡಿಯಲ್ಲಿ ಆ ಸಾಲು ಉಳಿಯುವ ಸಾಧ್ಯತೆಯೇ ಇರಲಿಲ್ಲ.

ಆ ದಿನದಿಂದ ಈ ಫಿಲ್ಟರ್ ಎನ್ನುವುದರ ಬಗ್ಗೆ ಬಿಡದೆ ಯೋಚಿಸಿದ್ದೇನೆ. ಅವಳೂ ಸೋಸಿದಳು, ನಾನೂ ಸೋಸಿದೆ. ಆದರೆ ಅವಳು ಬೇಲಿ ಹಾಕಿದಳು, ನಾನು ಹೆಕ್ಕಿದೆ. ಬೇಲಿ ಹಾಕಿದರೆ ಜಾಗ ಚಿಕ್ಕದಾಗುತ್ತದೆ, ಆದರೆ ಒಳಗಿದ್ದವರೆಲ್ಲ ಅಕ್ಕಪಕ್ಕದಲ್ಲೇ ಇರುತ್ತಾರೆ. ಹೆಕ್ಕಿದರೆ ಬೇಕಾದದ್ದು ಕೈಗೆ ಬರುತ್ತದೆ, ನೆರೆಹೊರೆ ಕಳೆದುಹೋಗುತ್ತದೆ. ಅಮ್ಮನ ತವರು ಶಿರಸಿ ಕಡೆ. ಅಲ್ಲಿ ಅಂಗಳದಲ್ಲಿ ರಾಶಿ, ಬೆಟ್ಟೆ, ಗೋಟು ಅಂತ ಅಡಿಕೆ ಬೇರೆ ಬೇರೆ ಮಾಡಿಟ್ಟ ಮೇಲೆ ಮಾರುವುದಕ್ಕೆ ಅದು ಬಹಳ ಅನುಕೂಲ. ಆದರೆ ಯಾವ ಸಾಲಿನ ಮರಕ್ಕೆ ಕೊಳೆ ತಗುಲಿದೆ ಅಂತ ತಿಳಿಯಬೇಕಾದರೆ ಆ ಗುಡ್ಡೆಗಳನ್ನು ಎಷ್ಟು ನೋಡಿದರೂ ಆಗದು, ತೋಟಕ್ಕೆ ಇಳಿಯಬೇಕು. ತಪ್ಪು ಹುಡುಕುವವನಿಗೆ ಬೇಕಾದದ್ದು ತೋಟ. ನಮ್ಮ ಪರದೆಗಳು ಮೊದಲು ಮುಂದೆ ಮಾಡುವುದು ಗುಡ್ಡೆಗಳನ್ನು.

ಹೆಕ್ಕುವ ಉಪಕರಣಗಳಲ್ಲಿ ಹಿರಿಯದು ಗ್ರೆಪ್. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1970ರ ದಶಕದ ಆರಂಭದಲ್ಲಿ ಅದನ್ನು ಬರೆದರು. 'ಇಡಿ' ಎಂಬ ಹಳೆಯ ಎಡಿಟರಿನಲ್ಲಿ (ಫೈಲು ಬರೆದು ತಿದ್ದುವ ಪ್ರೋಗ್ರಾಮಿನಲ್ಲಿ) ಒಂದು ಮಾದರಿಗೆ ಹೊಂದುವ ಸಾಲುಗಳನ್ನೆಲ್ಲ ಮುದ್ರಿಸುವ ಆಜ್ಞೆಯ ಅಕ್ಷರಗಳೇ ಹೆಸರಾಗಿ ಉಳಿದವು. ಅದ್ಭುತ ಸಾಧನ, ದಿನಕ್ಕೆ ನೂರು ಸಲ ಬಳಸುತ್ತೇನೆ. ಇಂದಿನ ಗ್ರೆಪ್‌ಗಳಲ್ಲಿ ಸಿಕ್ಕ ಸಾಲಿನ ಹಿಂದೆ ಮುಂದೆ ಇಷ್ಟಿಷ್ಟು ಸಾಲು ತೋರಿಸು ಅಂತ ಕೇಳುವ ಆಯ್ಕೆಯಿದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಡಿಫ್ (ಏನೇನು ಬದಲಾಯಿತು ಎಂಬ ಪಟ್ಟಿ) ನೋಡಿದರೆ ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು ಸಾಲು ಕೇಳದೆಯೇ ಬರುತ್ತವೆ. ಆ ಮೂರು ಸಾಲನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಈಗ ನೋಡಿದಾಗಲೆಲ್ಲ ಅದನ್ನು ಮಾಡಿದವರ ಮೇಲೆ ಗೌರವ ಬರುತ್ತದೆ. ಹೆಕ್ಕಿ ಕೊಡುವಾಗಲೂ ಬೇರಿಗೆ ಅಂಟಿದ ಮಣ್ಣನ್ನು ಸ್ವಲ್ಪ ಉಳಿಸಿಯೇ ಕೊಟ್ಟಿದ್ದಾರೆ.

ಹಾಗಂತ ಎಲ್ಲವನ್ನೂ ಯಾವಾಗಲೂ ತೋರಿಸಿ ಅಂತ ನಾನು ಹೇಳುತ್ತಿಲ್ಲ. ಅದೂ ಕಷ್ಟವೇ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಸೀಸಾಫ್ಟ್ ಅಂತ ಒಂದು ಸಾಧನ ಮಾಡಿದ್ದರು, 1992ರಲ್ಲಿ ಅದರ ಪ್ರಬಂಧ ಬಂತು. ಕೋಡಿನ ಪ್ರತಿ ಸಾಲನ್ನೂ ಎಳೆಯಷ್ಟು ತೆಳ್ಳಗಿನ ಬಣ್ಣದ ಗೆರೆ ಮಾಡಿ 50,000 ಸಾಲುಗಳನ್ನು ಒಂದೇ ಪರದೆಯಲ್ಲಿ ತೋರಿಸುತ್ತಿತ್ತು. ಯಾವ ಭಾಗ ಇತ್ತೀಚೆಗೆ ಬದಲಾಗಿದೆ ಎಂಬುದು ಬಣ್ಣದಿಂದಲೇ ತಿಳಿಯುತ್ತಿತ್ತು. ಈಗಿನ ಎಡಿಟರುಗಳ ಬಲಬದಿಯಲ್ಲಿ ಬರುವ ಮಿನಿಮ್ಯಾಪ್ ಅದೇ ಬಳಗದ್ದು. ಓದುವುದಕ್ಕೆ ಅದು ಬರುವುದಿಲ್ಲ. ಹುಡುಕಿದ ಪದ ಫೈಲಿನ ಯಾವ ಯಾವ ಎತ್ತರದಲ್ಲಿದೆ ಅಂತ ಚುಕ್ಕೆ ಇಟ್ಟು ತೋರಿಸುತ್ತದಲ್ಲ, ಅಷ್ಟಕ್ಕೆ ಒಳ್ಳೆಯದು.

ನನಗೆ ಮನಸ್ಸಿಗೆ ಹತ್ತಿರವಾದ ಯೋಚನೆ ಸಂಶೋಧಕ ಜಾರ್ಜ್ ಫರ್ನಾಸ್ 1986ರಲ್ಲಿ ಬರೆದದ್ದು. ಮೀನಿನ ಕಣ್ಣಿನ ನೋಟ ಅಂತ ಅದಕ್ಕೆ ಹೆಸರು. ನಮ್ಮ ಊರಿನವರಿಗೆ ಅದನ್ನು ವಿವರಿಸುವುದು ಸುಲಭ. ಕೋಡಿಬಾಗದವನೊಬ್ಬನಿಗೆ ನಕ್ಷೆ ಬರೆಯಲು ಹೇಳಿ. ತನ್ನ ಓಣಿಯ ಬಾವಿಯನ್ನೂ ಬರೆಯುತ್ತಾನೆ. ಹಬ್ಬುವಾಡ, ಕಾಜುಬಾಗ, ಬೈತಖೋಲ ಒಂದೊಂದು ಗುರುತಾಗಿ ಬರುತ್ತವೆ. ಅಂಕೋಲೆ, ಕುಮಟೆ, ಹೊನ್ನಾವರ ರಸ್ತೆಯ ಮೇಲಿನ ಮೂರು ಚುಕ್ಕೆ. ಘಟ್ಟದ ಮೇಲೆ ಶಿರಸಿ, ಆಚೆ ಹುಬ್ಬಳ್ಳಿ, ಎಲ್ಲೋ ಮೂಲೆಯಲ್ಲಿ ಬೆಂಗಳೂರು. ದೂರದ ಸಣ್ಣ ಹಳ್ಳಿಗಳು ಬಿಟ್ಟುಹೋದವು, ದೂರದ ದೊಡ್ಡ ಊರು ಉಳಿಯಿತು. ಫರ್ನಾಸ್ ಇದನ್ನೇ ಲೆಕ್ಕ ಮಾಡಿದರು: ಒಂದು ವಸ್ತು ತನ್ನಷ್ಟಕ್ಕೆ ಎಷ್ಟು ಮುಖ್ಯ, ಅದರಿಂದ ನಾನೀಗ ನಿಂತ ಜಾಗಕ್ಕೂ ಅದಕ್ಕೂ ಇರುವ ದೂರವನ್ನು ಕಳೆಯಿರಿ, ಉಳಿದದ್ದು ಅದರ ಮೇಲೆ ನನಗಿರುವ ಆಸಕ್ತಿ. ಅವರು ಕೊಟ್ಟ ಉದಾಹರಣೆಗಳಲ್ಲಿ ಪ್ರೋಗ್ರಾಮ್ ಕೋಡೂ ಇತ್ತು: ನಾನಿರುವ ಸಾಲು, ಅದನ್ನು ಸುತ್ತುವರಿದ ಲೂಪು (ಮತ್ತೆ ಮತ್ತೆ ನಡೆಯುವ ಭಾಗ), ಅದರ ಹೊರಗಿನ ಫಂಕ್ಷನ್ನಿನ (ಒಂದು ಕೆಲಸಕ್ಕೆಂದು ಹೆಸರಿಟ್ಟ ಕೋಡಿನ ತುಂಡಿನ) ಮೊದಲ ಸಾಲು ಉಳಿಸಿ ನಡುವಿನದನ್ನು ಮಡಚುವುದು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಿಕ್ ಕರ್ಸ್ಟನ್, ಗೇಲ್ ಮರ್ಫಿ ಇಂಥದೇ ಆಸಕ್ತಿಯ ಲೆಕ್ಕವನ್ನು ಕೋಡು ಬರೆಯುವ ಎಕ್ಲಿಪ್ಸ್ ಎಂಬ ಸಾಧನಕ್ಕೆ ತಂದರು. ಮೊದಲು ಮೈಲಾರ್, ಆಮೇಲೆ ಮೈಲಿನ್ ಅಂತ ಹೆಸರಾಯಿತು. ಕೈಯಲ್ಲಿರುವ ಕೆಲಸಕ್ಕಾಗಿ ನಾವು ಮುಟ್ಟಿದ ಫೈಲು, ಫಂಕ್ಷನ್ನುಗಳು ಮಾತ್ರ ಪಕ್ಕದ ಫೈಲುಗಳ ಪಟ್ಟಿಯಲ್ಲಿ ಉಳಿಯುತ್ತವೆ, ಮುಟ್ಟದೆ ಬಿಟ್ಟದ್ದು ಮೆಲ್ಲಗೆ ಜಾರಿಹೋಗುತ್ತದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಣ್ಣ ಸೌಲಭ್ಯ: ಆಲ್ಟ್ ಒತ್ತಿ ಒಂದು ಫೋಲ್ಡರಿನ ಮೇಲೆ ಕ್ಲಿಕ್ ಮಾಡಿದರೆ ಅದರೊಳಗೆ ಅಡಗಿದ್ದೆಲ್ಲ ಆ ಕ್ಷಣಕ್ಕೆ ಹೊರಬರುತ್ತದೆ. ಫಿಲ್ಟರ್ ತೆಗೆಯಬೇಕಿಲ್ಲ, ನಿಂತ ಜಾಗ ಬಿಡಬೇಕಿಲ್ಲ. ಬಾಗಿಲು ತುಸು ಸರಿಸಿ ಇಣುಕಿ ನೋಡಿದ ಹಾಗೆ.

ಇನ್ನೊಂದು ಕಡೆ ಈಮ್ಯಾಕ್ಸ್ ಎಂಬ ಎಡಿಟರ್. ಅದರಲ್ಲಿ ಫೈಲಿನ ಒಂದು ಭಾಗಕ್ಕೆ ಮಾತ್ರ ಪರದೆಯನ್ನು ಕಿರಿದು ಮಾಡುವ ಆಜ್ಞೆ ಇದೆ. ಉಳಿದ ಭಾಗ ಇಲ್ಲವೇ ಇಲ್ಲವೇನೋ ಎಂಬಂತೆ ಮರೆಯಾಗುತ್ತದೆ. ಮೊದಲ ಸಲ ಅದನ್ನು ಕೊಟ್ಟರೆ ಈಮ್ಯಾಕ್ಸ್ ತಡೆದು, ಹೌದೇ, ಖಚಿತವೇ ಅಂತ ಕೇಳುತ್ತದೆ. ತಿಳಿಯದವರು ಗಲಿಬಿಲಿಗೊಳ್ಳುತ್ತಾರೆ ಎಂಬ ಕಾರಣಕ್ಕೇ ಹಾಗಿಟ್ಟಿದ್ದೇವೆ ಅಂತ ಅದರ ಕೈಪಿಡಿಯಲ್ಲಿ ಬರೆದಿದ್ದಾರೆ. ಒಪ್ಪಿ ಮುಂದೆ ಹೋದ ಮೇಲೂ ಕೆಳಗಿನ ಪಟ್ಟಿಯಲ್ಲಿ 'ನ್ಯಾರೋ' ಎಂಬ ಪದ ನಿಂತೇ ಇರುತ್ತದೆ. ಇಷ್ಟು ಹಳೆಯ ಸಾಧನಕ್ಕೆ ಇಷ್ಟು ಮುತುವರ್ಜಿ ಇದೆ.

ಇದು ಯಾಕೆ ಮುಖ್ಯ ಅಂತ ಹೇಳಲು ನನ್ನ ಅಕ್ಕನ ಮಗಳ ಕಥೆ ಹೇಳಬೇಕು. ಬಿಸಿಎ ಓದುತ್ತಿದ್ದಾಳೆ, ಕೊನೆಯ ವರ್ಷದ ಪ್ರಾಜೆಕ್ಟು. ಸರ್ವರ್ ವಿಳಾಸ ಬದಲಿಸಿದ್ದಳು. ಹಳೆಯ ವಿಳಾಸ ಎಲ್ಲೆಲ್ಲಿದೆ ಅಂತ ಎಡಿಟರಿನಲ್ಲಿ ಹುಡುಕಿದಾಗ ಎರಡು ಕಡೆ ಸಿಕ್ಕಿತು, ಎರಡನ್ನೂ ತಿದ್ದಿದಳು. ಆದರೂ ಪ್ರೋಗ್ರಾಮ್ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ಇಡೀ ಭಾನುವಾರ ಅಳುಮುಖ ಮಾಡಿಕೊಂಡು ಕೂತಿದ್ದಳು. ಮೂರನೆಯದು ಗುಟ್ಟಿನ ಸೆಟ್ಟಿಂಗ್ ಇಡುವ ಫೈಲಿನಲ್ಲಿತ್ತು. ಗಿಟ್‌ಗೆ ಸೇರಿಸಬೇಡ ಅಂತ ಪಟ್ಟಿ ಮಾಡಿದ ಫೈಲು ಅದು. ಗಿಟ್‌ಗೆ ಬೇಡವಾದದ್ದು ಹುಡುಕುವವರಿಗೂ ಬೇಡ ಅಂತ ಎಡಿಟರ್ ತಾನೇ ತೀರ್ಮಾನಿಸಿ ಆ ಫೈಲನ್ನು ತೆರೆದೇ ನೋಡಿರಲಿಲ್ಲ. ಇಂಥ ನಿಯಮಕ್ಕೆ ಕಾರಣ ಇಲ್ಲವೆಂದಲ್ಲ. ಗ್ರೆಪ್‌ನಂಥದೇ ಹೊಸ ಸಾಧನವಾದ ರಿಪ್‌ಗ್ರೆಪ್ ಅಷ್ಟು ವೇಗವಾಗಿರುವುದರಲ್ಲಿ ಹೀಗೆ ಬಿಟ್ಟುಬಿಡುವುದರದ್ದೂ ಪಾಲಿದೆ. ಬೇರೆಯವರ ಲೈಬ್ರರಿಗಳ ಸಾವಿರಾರು ಫೈಲುಗಳೆಲ್ಲ ಫಲಿತಾಂಶದಲ್ಲಿ ಬಂದು ಬಿದ್ದರೆ ಬೇಕಾದದ್ದು ಮುಳುಗಿಹೋಗುತ್ತದೆ. ನನ್ನ ತಕರಾರು ಮಾತಿನ ಬಗ್ಗೆ. 'ಎರಡು ಸಿಕ್ಕವು' ಎಂಬುದು ಒಂದು ಮಾತು. 'ಎರಡು ಸಿಕ್ಕವು, ಇಷ್ಟು ಫೈಲು ನಾನು ನೋಡಲಿಲ್ಲ' ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದ ಹತ್ತೊಂಬತ್ತರ ಹುಡುಗಿ ತನ್ನ ತಿಳಿವಳಿಕೆಯನ್ನೇ ಅನುಮಾನಿಸುತ್ತ ಒಂದು ದಿನ ಕಳೆದಳು. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ನಮ್ಮ ಸೊಸೈಟಿ, ಬ್ಯಾಂಕುಗಳಲ್ಲಿ ಎಕ್ಸೆಲ್ ಬಳಸುವವರಿಗೆ ಇದು ಗೊತ್ತಿರುತ್ತದೆ. ಫಿಲ್ಟರ್ ಹಾಕಿದರೆ ಉಳಿದ ಸಾಲುಗಳ ಸಂಖ್ಯೆ ನೀಲಿ ಬಣ್ಣಕ್ಕೆ ತಿರುಗುತ್ತದೆ, 7ರ ನಂತರ ನೇರ 19 ಬರುತ್ತದೆ, ನಡುವೆ ಏನೋ ಇದೆ ಅಂತ ಕಣ್ಣಿಗೆ ಬೀಳುತ್ತದೆ, ಇಷ್ಟರಲ್ಲಿ ಇಷ್ಟು ಸಿಕ್ಕವು ಅಂತ ಕೆಳಗೆ ಲೆಕ್ಕವೂ ಬರುತ್ತದೆ. ಕ್ರೋಮ್ ಬ್ರೌಸರಿನಲ್ಲಿ ವೆಬ್ ಪುಟದ ತಪ್ಪು ಹುಡುಕಲು ಇರುವ ಡೆವಲಪರ್ ಕನ್ಸೋಲಿನಲ್ಲೂ ಮರೆಯಾದ ಸಂದೇಶಗಳ ಎಣಿಕೆ ಮೂಲೆಯಲ್ಲಿ ಇರುತ್ತದೆ. ಮಾಡಲಾಗದ ಕೆಲಸವೇನೂ ಅಲ್ಲ ಅಂತಾಯಿತು.

ಬೈತಖೋಲ ಬಂದರಿನಲ್ಲಿ ನನ್ನ ಬಾಲ್ಯದ ಗೆಳೆಯನೊಬ್ಬ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಅದು ಮುಗಿದು ಮಳೆ ಹಿಂದೆ ಸರಿದ ಮೇಲೆ ಒಮ್ಮೆ ಅವನ ಜೊತೆ ಹೋಗಿದ್ದೆ. ದೇವಗಡದ ದೀಪಸ್ತಂಭ ಹಿಂದೆ ಬಿತ್ತು. ಕ್ಯಾಬಿನ್ನಿನಲ್ಲಿ ಫಿಶ್ ಫೈಂಡರ್ ಹೊಳೆಯುತ್ತಿತ್ತು. ಬೋಟಿನ ಅಡಿಯಿಂದ ಕೆಳಕ್ಕೆ ಶಬ್ದ ಬಿಡುತ್ತದೆ, ಅದು ನೆಲಕ್ಕೋ ಮೀನಿಗೋ ಬಡಿದು ಮರಳಲು ಹಿಡಿದ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಅವನ ಪರದೆ ಎರಡು ಭಾಗವಾಗಿತ್ತು. ಒಂದರಲ್ಲಿ ಮೇಲ್ಮೈಯಿಂದ ತಳದವರೆಗೆ ಇಡೀ ನೀರು. ಇನ್ನೊಂದರಲ್ಲಿ ಅದರದೇ ಒಂದು ತುಂಡು, ದೊಡ್ಡದಾಗಿ. ಬಂಗಡೆಯ ಗುಂಪೊಂದು ಬಂದಾಗ ಅವನ ಕಣ್ಣು ದೊಡ್ಡ ಮಾಡಿದ ಭಾಗದ ಮೇಲೆಯೇ ಇತ್ತು. ಆದರೆ ಆ ಇಡೀ ನೀರಿನ ಭಾಗವನ್ನು ಅವನು ಒಮ್ಮೆಯೂ ಮುಚ್ಚಲಿಲ್ಲ. ಯಾಕೆ ಅಂತ ಕೇಳಿದೆ. "ಬಂಡೆ ಮೇಲೇಳ್ತಾ ಇದ್ರೆ ಬಲೆ ಹರೀತದೆ ಮಾರಾಯ, ಮೀನು ಒಂದೇ ನೋಡ್ತಾ ಕೂತ್ರೆ ಆಗ್ತದಾ?" ಅಂದ.

ಗೇನ್ ಅಂತ ಇನ್ನೊಂದು ಗುಂಡಿ ಇದೆ. ಪರದೆಯ ಚುಕ್ಕೆ ಕಸ ಜಾಸ್ತಿಯಾದರೆ ಅದನ್ನು ತಗ್ಗಿಸುತ್ತಾರೆ. ಪೂರ್ತಿ ತಗ್ಗಿಸಿ ತೋರಿಸಿದ. ಪರದೆ ಕನ್ನಡಿಯ ಹಾಗೆ ಶುಭ್ರ. ಮತ್ತೆ ಏರಿಸಿದಾಗ ಅಲ್ಲೇ ಒಂದು ಮಸುಕು ನೀಲಿ ಮೋಡ ಮೂಡಿತು, ಚದುರಿದ ಸಣ್ಣ ಮೀನು. ಶುಭ್ರ ಮಾಡಿದ್ದಾಗ ಅದೂ ಹೋಗಿತ್ತು. ಅವನು ಆ ಗುಂಡಿಯನ್ನು ಒಂದೇ ಕಡೆ ಬಿಡುವುದಿಲ್ಲ. ಪ್ರತಿ ಸ್ವಲ್ಪ ಹೊತ್ತಿಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೈಗೆ ಸುಲಭವಾಗಿ ಸಿಗುವ ಗುಂಡಿ ಆದ್ದರಿಂದಲೇ ಅದು ಸಾಧ್ಯ. ಮೆನುವಿನ ನಾಲ್ಕನೆಯ ಪುಟದಲ್ಲಿ ಇಟ್ಟಿದ್ದರೆ ಅವನೂ ಒಮ್ಮೆ ಇಟ್ಟು ಮರೆಯುತ್ತಿದ್ದ.

ಮಾಹಿತಿ ತೋರಿಸುವ ಪರದೆಗಳ ಬಗ್ಗೆ ಸಂಶೋಧಕ ಬೆನ್ ಶ್ನೈಡರ್‌ಮನ್ 1996ರಲ್ಲಿ ಒಂದು ಸೂತ್ರ ಕೊಟ್ಟರು. ಮೊದಲು ಇಡೀ ನೋಟ, ನಂತರ ಹತ್ತಿರ ಹೋಗಿ ಸೋಸುವುದು, ಕೇಳಿದಾಗ ವಿವರ. ಗೊತ್ತಿಲ್ಲದ ಊರಿಗೆ ಬಂದವನಿಗೆ ಇದು ಸರಿ, ಸದಾಶಿವಗಡದ ಗುಡ್ಡ ಹತ್ತಿ ಕಾಳಿ ನದಿ ಎಲ್ಲಿ ಸಮುದ್ರ ಸೇರುತ್ತದೆ ಅಂತ ನೋಡಿಕೊಂಡು ಆಮೇಲೆ ಪೇಟೆಗೆ ಇಳಿದ ಹಾಗೆ. ಆದರೆ ರಾತ್ರಿ ಎರಡು ಗಂಟೆಗೆ ನಮಗೆ ಕರೆ ಬರುವಾಗ ಕೈಗೆ ಸಿಗುವುದು ಒಂದು ವಿವರ, ಒಂದೇ ಒಂದು ಎರರ್ ಸಾಲು. ನಾವು ತಳದಿಂದ ಶುರು ಮಾಡಿ ಗುಡ್ಡ ಹತ್ತಬೇಕು. ಹೆಚ್ಚಿನ ಸಾಧನಗಳಲ್ಲಿ ಇಳಿಯುವ ದಾರಿ ನುಣ್ಣಗಿದೆ. ಸಾಲಿನಿಂದ ಅದರ ಸುತ್ತಲಿನ ಐದು ನಿಮಿಷಕ್ಕೆ, ಅಲ್ಲಿಂದ ಇಡೀ ರಾತ್ರಿಗೆ ಹತ್ತುವ ದಾರಿಯನ್ನು ಕಡಿದವರು ಕಡಿಮೆ. ಫಿಲ್ಟರ್ ತೆಗೆದರೆ ಲಕ್ಷ ಸಾಲಿನ ಮೊದಲಿಗೆ ತಂದು ಬಿಡುತ್ತದೆ, ನಾನು ನೋಡುತ್ತಿದ್ದ ಸಾಲು ಕೈ ತಪ್ಪಿತು. ಇದು ಪ್ರತಿದಿನದ ಸಂಕಟ.

ನಮ್ಮ ತಂಡದ ಒಳಗಿನ ಬಳಕೆಗೆ ಲಾಗ್ ನೋಡುವ ಒಂದು ಪುಟವನ್ನು ನಾವೇ ಮಾಡಿಕೊಂಡಿದ್ದೇವೆ. ಆ ಎರಡು ರಾತ್ರಿಗಳಾದ ಮೇಲೆ ಅದರಲ್ಲಿ ಎರಡು ಬದಲಾವಣೆ ಮಾಡಿದೆ. ಫಿಲ್ಟರ್ ಇದ್ದಷ್ಟು ಹೊತ್ತೂ ಮೇಲೆ ಹಳದಿ ಪಟ್ಟಿಯೊಂದು ಇರುತ್ತದೆ, ಎಷ್ಟು ಸಾಲು ಕಾಣುತ್ತಿವೆ, ಎಷ್ಟು ಮರೆಯಲ್ಲಿವೆ ಅಂತ ಅದರಲ್ಲಿ ಬರೆದಿರುತ್ತದೆ. ಯಾವುದೇ ಸಾಲಿನ ಮೇಲೆ ನಿಂತು ಒಂದು ಕೀ ಒತ್ತಿದರೆ ಅದರ ಹಿಂದುಮುಂದಿನ ಎರಡೆರಡು ನಿಮಿಷ, ಎಲ್ಲ ಸರ್ವಿಸುಗಳದ್ದೂ, ಅಲ್ಲೇ ಬಿಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಒತ್ತಿದರೆ ಮಡಚಿಕೊಳ್ಳುತ್ತದೆ. ಮೂರನೆಯದು ಮಾಡಬೇಕೆಂದಿದ್ದೇನೆ: ಬೇಡವಾದ ಸಾಲುಗಳನ್ನು ಮಾಯ ಮಾಡದೆ ಬೂದು ಬಣ್ಣದಲ್ಲಿ ಮಸುಕಾಗಿ ಬಿಡುವುದು. ಸಾಲು ಕೆಲವು ಸಾವಿರ ಇದ್ದಾಗ ಚೆನ್ನಾಗಿದೆ, ಲಕ್ಷ ದಾಟಿದಾಗ ಬೇಕಾದ ಎರಡು ಸಾಲುಗಳ ನಡುವೆ ಮಾರುದೂರ ಬೂದಿಯೇ ತುಂಬುತ್ತದೆ. ನಡುವಿನದನ್ನು ಎಷ್ಟು ಕುಗ್ಗಿಸಬೇಕು, ಕುಗ್ಗಿಸಿದ ಜಾಗದ ಅಗಲ ಮರೆಯಾದ ಸಾಲುಗಳ ಎಣಿಕೆಗೆ ತಕ್ಕಂತೆ ಇರಬೇಕೋ, ಕಳೆದ ಸಮಯಕ್ಕೆ ತಕ್ಕಂತೆಯೋ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಈಗ ಸಮಯಕ್ಕೆ ತಕ್ಕಂತೆ ಮಾಡಿ ನೋಡುತ್ತಿದ್ದೇನೆ. ಇಂಥದ್ದನ್ನು ಮಾಡಿದವರು, ಬಳಸಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ, ಶನಿವಾರ ಮತ್ತೆ ಆ ಕೋಡಿಗೆ ಕೂರುತ್ತೇನೆ.